ಬೇರಿಯಾಟ್ರಿಕ್ ಸರ್ಜರಿಗೆ ವಿಮೆಯ ಕ್ಯಾಶ್‌ಲೆಸ್ ಅನುಮತಿ: ಸೇವೆ ಹೇಗಿದೆ, ಫೈಲು ಎಲ್ಲಿ ನಿಲ್ಲುತ್ತದೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ, ಅಂದರೆ ಬೇರಿಯಾಟ್ರಿಕ್ ಸರ್ಜರಿಗೆ, ಆರೋಗ್ಯ ವಿಮೆಯಲ್ಲಿ ದುಡ್ಡು ಸಿಗುತ್ತದೆಯೇ ಎಂದು ಕೇಳಿದರೆ ಈಗಲೂ ಬಹಳ ಜನ, ಕೆಲವು ಏಜೆಂಟರೂ ಸೇರಿದಂತೆ, ‘ಅದು ಚೆಂದಕ್ಕೆ ಮಾಡಿಸಿಕೊಳ್ಳೋ ಆಪರೇಷನ್ನು, ಸಿಗಲ್ಲ’ ಅಂದುಬಿಡುತ್ತಾರೆ. ಸಿಗುತ್ತದೆ. ಷರತ್ತುಗಳಿವೆ, ಷರತ್ತುಗಳು ಬರಹದಲ್ಲಿವೆ, ಅವುಗಳನ್ನು ಪೂರೈಸಿದವರಿಗೆ ಇಲ್ಲ ಎನ್ನುವುದು ಕಂಪನಿಗೂ ಸುಲಭವಲ್ಲ. ಇಲ್ಲಿ ನೋಡುತ್ತಿರುವುದು ಕ್ಯಾಶ್‌ಲೆಸ್ ಅನುಮತಿ, ಅಂದರೆ ಬಿಲ್ಲನ್ನು ಆಸ್ಪತ್ರೆಗೆ ನೇರವಾಗಿ ಕಟ್ಟುತ್ತೇವೆಂದು ಕಂಪನಿ ಮೊದಲೇ ಕೊಡುವ ಒಪ್ಪಿಗೆಯ ಸೇವೆಯನ್ನು: ನಿಯಮ ಹೇಗಿದೆ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಹೇಗೆ ಕೆಲಸ ಮಾಡುತ್ತದೆ, ಟಿಪಿಎ (ಕಂಪನಿಯ ಪರವಾಗಿ ಕ್ಲೇಮ್ ಪರಿಶೀಲಿಸುವ ಸಂಸ್ಥೆ) ಏನು ಕೇಳುತ್ತದೆ, ಇಲ್ಲ ಎಂದರೆ ಎಲ್ಲಿಗೆ ಹೋಗಬೇಕು. ಅಂಕ ಮೊದಲೇ ಕೊಟ್ಟುಬಿಡುವುದಾದರೆ, ನಿಯಮದ ಸ್ಪಷ್ಟತೆಗೆ ಐದಕ್ಕೆ ನಾಲ್ಕು, ಉತ್ತರದ ವೇಗಕ್ಕೆ ಮೂರೂವರೆ, ದೂರು ಕೇಳುವ ವ್ಯವಸ್ಥೆಗೆ ನಾಲ್ಕು. ಆಸ್ಪತ್ರೆಯ ಡೆಸ್ಕಿಗೆ ಎರಡರ ಮೇಲೆ ಕೊಡಲು ಮನಸ್ಸು ಬರುವುದಿಲ್ಲ. ಕಾರಣ ಮುಂದೆ ಇದೆ.

ನಿಯಮದಿಂದ ಶುರು ಮಾಡೋಣ. 2019ರ ಸೆಪ್ಟೆಂಬರ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಎಲ್ಲ ಕಂಪನಿಗಳೂ ಬಳಸಬೇಕಾದ ಹೊರಗಿಡುವಿಕೆಗಳ (ಯಾವುದಕ್ಕೆ ವಿಮೆ ಸಿಗುವುದಿಲ್ಲ ಎಂಬ ಕಲಮುಗಳ) ಒಕ್ಕಣೆಯನ್ನು ಒಂದೇ ರೀತಿ ಮಾಡಿತು. ಅದರಲ್ಲಿ ಬೊಜ್ಜಿಗೆ ಸಂಬಂಧಿಸಿದ್ದು ಕೋಡ್ 06. ನಿಮ್ಮ ಪಾಲಿಸಿ ಪುಸ್ತಕದಲ್ಲಿ ಅದನ್ನು ಹುಡುಕಿ ಓದಿ. ನಾಲ್ಕು ಷರತ್ತುಗಳು: ವೈದ್ಯರ ಸಲಹೆಯ ಮೇಲೆ ಆಗಬೇಕು, ಅಂಗೀಕೃತ ಚಿಕಿತ್ಸಾ ಕ್ರಮದ ಬೆಂಬಲವಿರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 40 ಇಲ್ಲದಿದ್ದರೆ 35 ಆದರೂ ಇರಬೇಕು, ಅದರ ಜೊತೆಗೆ ನಾಲ್ಕು ತೀವ್ರ ಕಾಯಿಲೆಗಳಲ್ಲಿ ಒಂದಾದರೂ ಇರಬೇಕು, ಮತ್ತು ಇದಕ್ಕಿಂತ ಸೌಮ್ಯವಾದ ವಿಧಾನಗಳಲ್ಲಿ ತೂಕ ಇಳಿಸಲು ಪ್ರಯತ್ನಿಸಿ ವಿಫಲವಾಗಿರಬೇಕು. ಆ ನಾಲ್ಕು ಕಾಯಿಲೆಗಳು ಇವು: ಬೊಜ್ಜಿನಿಂದ ಬಂದ ಹೃದಯಸ್ನಾಯುವಿನ ತೊಂದರೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ), ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ.

ಈ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. ಬಿಪಿ ಇಲ್ಲ. ಮಂಡಿ ಸವೆತ ಇಲ್ಲ. ಫ್ಯಾಟಿ ಲಿವರ್ ಇಲ್ಲ, ಪಿಸಿಓಎಸ್ ಇಲ್ಲ. ಬಿಎಂಐ 37 ಇದ್ದು, ಬಿಪಿ ಮಾತ್ರೆ ನುಂಗುತ್ತ, ಮೆಟ್ಟಿಲು ಹತ್ತಲಾಗದೆ ಒದ್ದಾಡುವವರು ಈ ಒಕ್ಕಣೆಯ ಹೊರಗೆ ಉಳಿಯುತ್ತಾರೆ. ನಿಯಮಕ್ಕೆ ಒಂದು ಅಂಕ ಕಳೆದದ್ದು ಇದಕ್ಕೇ. 40 ಮತ್ತು 35 ಎಂಬ ಗೆರೆಗಳು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಹಾಕಿದ ಗೆರೆಗಳು. ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಅವನ್ನು ಕೆಳಗಿಳಿಸಿ, 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಬಿಡಲಿ ಶಸ್ತ್ರಚಿಕಿತ್ಸೆ ಸೂಕ್ತ ಎಂದವು; ಏಷ್ಯಾದವರ ಮೈಕಟ್ಟಿನಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದರಿಂದ ಅವರಿಗೆ 27.5ರಿಂದಲೇ ಈ ದಾರಿ ತೆರೆದಿರಬೇಕು ಎಂದವು. ಸರ್ಜನ್ ‘ಮಾಡಿಸಿಕೊಳ್ಳಿ’ ಎನ್ನುವುದಕ್ಕೂ ಕಂಪನಿ ‘ಕೊಡುವುದಿಲ್ಲ’ ಎನ್ನುವುದಕ್ಕೂ ನಡುವಿನ ಕಂದಕ ಇದೇ. ಇಬ್ಬರೂ ಅವರವರ ಪುಸ್ತಕದ ಪ್ರಕಾರ ಸರಿ, ನಡುವೆ ಸಿಕ್ಕಿಹಾಕಿಕೊಳ್ಳುವವರು ರೋಗಿ. ಕೆಲವು ಪಾಲಿಸಿಗಳು ತಮ್ಮ ಇಷ್ಟದಿಂದ ಇನ್ನೂ ಸ್ವಲ್ಪ ಉದಾರವಾಗಿರುತ್ತವೆ, ಹಾಗಾಗಿ ‘ಬೇರಿಯಾಟ್ರಿಕ್’ ಎಂಬ ಪದ ಪಾಲಿಸಿಯಲ್ಲಿ ಬರುವ ಪ್ರತಿ ಜಾಗವನ್ನೂ ನೋಡಬೇಕು. ಅದಕ್ಕೇ ಬೇರೆ ಮೊತ್ತದ ಮಿತಿ ಹಾಕಿರುವ ಪಾಲಿಸಿಗಳೂ ಇವೆ: ಒಟ್ಟು ವಿಮೆ ಹತ್ತು ಲಕ್ಷವಿದ್ದರೂ ಈ ಸರ್ಜರಿಗೆ ಅದರ ಒಂದು ಪಾಲು ಮಾತ್ರ.

ಕಾಯುವ ಅವಧಿ ಮತ್ತು ಪ್ರಪೋಸಲ್ ಫಾರಂ

ಷರತ್ತು ಪೂರೈಸಿದ ಮೇಲೂ ಕಾಯುವ ಅವಧಿ ಮುಗಿದಿರಬೇಕು. ಎರಡು ಬೇರೆ ಬೇರೆ ಲೆಕ್ಕಗಳಿವೆ. ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳು (2024ರ ಏಪ್ರಿಲ್‌ವರೆಗೆ ಇದು 48 ಇತ್ತು). ನಿರ್ದಿಷ್ಟ ಶಸ್ತ್ರಚಿಕಿತ್ಸೆಗಳ ಪಟ್ಟಿಗೆ ಇನ್ನೊಂದು ಅವಧಿ. ಅನೇಕ ಪಾಲಿಸಿಗಳಲ್ಲಿ ಬೇರಿಯಾಟ್ರಿಕ್ ಈ ಪಟ್ಟಿಯಲ್ಲಿ ಎರಡು ಅಥವಾ ಮೂರು ವರ್ಷಕ್ಕೆ ಕೂತಿರುತ್ತದೆ. ಎರಡೂ ಅನ್ವಯವಾದರೆ ಯಾವುದು ಉದ್ದವೋ ಅದು. ಬೇರೆ ಕಂಪನಿಗೆ ಪೋರ್ಟ್ ಮಾಡಿಸಿಕೊಂಡಿದ್ದರೆ ಹಿಂದಿನ ವರ್ಷಗಳ ಲೆಕ್ಕ ಜೊತೆಗೆ ಬರುತ್ತದೆ, ಆದರೆ ಹಳೆಯ ಮೊತ್ತದ ಮಟ್ಟಿಗೆ ಮಾತ್ರ. ಐದು ಲಕ್ಷದಿಂದ ಹದಿನೈದಕ್ಕೆ ಏರಿಸಿದ್ದರೆ ಹೆಚ್ಚಿನ ಹತ್ತಕ್ಕೆ ಕಾಯುವಿಕೆ ಹೊಸದಾಗಿ ಶುರು.

ಪಾಲಿಸಿ ಕೊಳ್ಳುವಾಗ ತುಂಬಿದ ಪ್ರಪೋಸಲ್ ಫಾರಂ ಹೊರಗೆ ತೆಗೆಯಿರಿ. ಪಾಲಿಸಿಯ ಜೊತೆ ಅದರ ಪ್ರತಿ ಬಂದಿರುತ್ತದೆ. ಅದರಲ್ಲಿ ಎತ್ತರ, ತೂಕ ಎಷ್ಟು ಬರೆದಿದೆ? ಫಾರಂ ತುಂಬಿದ್ದು ಏಜೆಂಟ್ ಆಗಿದ್ದರೆ ‘85 ಕೆಜಿ’ ಎಂದು ಸುಮ್ಮನೆ ಹಾಕಿರುವುದು ಅಪರೂಪವೇನಲ್ಲ. ನಾಲ್ಕು ವರ್ಷದ ಮೇಲೆ 112 ಕೆಜಿಗೆ ಸರ್ಜರಿ ಕೇಳಿದಾಗ, ಫಾರಂ ತುಂಬಿದ ಕಾಲದ ಯಾವುದೋ ಲ್ಯಾಬ್ ರಿಪೋರ್ಟಿನಲ್ಲಿ 104 ಎಂದಿದ್ದರೆ, ಕಂಪನಿ ‘ಮಾಹಿತಿ ಮುಚ್ಚಿಟ್ಟಿದ್ದೀರಿ’ ಎನ್ನುತ್ತದೆ. ಪಾಲಿಸಿ ಎಡೆಬಿಡದೆ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾದ ಹೊರತು, ಈ ಆಕ್ಷೇಪ ಎತ್ತುವಂತಿಲ್ಲ. ಅದಕ್ಕಿಂತ ಮೊದಲಾದರೆ ಎತ್ತಬಹುದು. ಹೊಸದಾಗಿ ಪಾಲಿಸಿ ಕೊಳ್ಳುವವರು ತಕ್ಕಡಿ ಹತ್ತಿ ಬಂದ ಅಂಕಿಯನ್ನೇ ಬರೆಸಿ. ತಪ್ಪು ಬಿದ್ದಿದ್ದರೆ ಪಾಲಿಸಿ ಕೈಗೆ ಬಂದ ಮೇಲಿನ 30 ದಿನದ ಫ್ರೀ ಲುಕ್ (ಓದಿ ನೋಡುವ) ಅವಧಿಯೊಳಗೇ ತಿದ್ದಿಸಿ.

ಕಂಪನಿಯ ಗುಂಪು ವಿಮೆ ಇರುವವರಿಗೆ ಇದರಲ್ಲಿ ಬಹುಪಾಲು ತಲೆನೋವು ಇಲ್ಲ. ಗುಂಪು ಪಾಲಿಸಿಗಳಲ್ಲಿ ಕಾಯುವ ಅವಧಿ ಸಾಮಾನ್ಯವಾಗಿ ಮನ್ನಾ ಆಗಿರುತ್ತದೆ. ಎಚ್‌ಆರ್ ಕಳಿಸುವ ಬಣ್ಣದ ಸ್ಲೈಡುಗಳನ್ನು ನಂಬಿ ಕೂರಬೇಡಿ, ಬ್ರೋಕರ್ ಹತ್ತಿರ ಇರುವ ಮೂಲ ಪಾಲಿಸಿ ದಾಖಲೆಯಲ್ಲಿ ಬೇರಿಯಾಟ್ರಿಕ್ ಇದೆಯೇ, ಮಿತಿ ಎಷ್ಟು ಎಂದು ಬರಹದಲ್ಲಿ ತರಿಸಿಕೊಳ್ಳಿ. ರಾಜೀನಾಮೆ ಕೊಟ್ಟರೆ ಈ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ. ನೋಟಿಸ್ ಅವಧಿಯಲ್ಲಿ ಸರ್ಜರಿ ಇಟ್ಟುಕೊಂಡರೆ ನಂತರದ ತಪಾಸಣೆ, ಏನಾದರೂ ತೊಡಕಾಗಿ ಮತ್ತೆ ದಾಖಲಾಗುವ ಖರ್ಚು, ಎಲ್ಲ ಸ್ವಂತ ಜೇಬಿನಿಂದಲೇ.

ಎರಡು ಸೆಂಟಿಮೀಟರ್

ಅನುಮತಿ ನಿಂತುಹೋಗುವ ಜಾಗಗಳಲ್ಲಿ ಅತಿ ಸಣ್ಣದು, ಅತಿ ಬೇಸರದ್ದು ಎತ್ತರದ ಅಳತೆ. ಬಿಎಂಐ ಎಂದರೆ ಕೆಜಿಯ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದ್ದು. 165 ಸೆಂ.ಮೀ. ಎತ್ತರ, 109 ಕೆಜಿ ತೂಕ: ಬಿಎಂಐ 40.04, ಒಳಗೆ. ಅದೇ ವ್ಯಕ್ತಿಯ ಎತ್ತರವನ್ನು ಚಪ್ಪಲಿ ಬಿಚ್ಚಿಸದೆ 167 ಎಂದು ಬರೆದರೆ 39.08, ಹೊರಗೆ. ಓಪಿಡಿ ಬಾಗಿಲಲ್ಲಿ ನರ್ಸ್ ಆತುರದಲ್ಲಿ ‘ಹೈಟ್ ಎಷ್ಟು?’ ಎಂದು ಕೇಳುತ್ತಾರೆ, ರೋಗಿ ಡ್ರೈವಿಂಗ್ ಲೈಸೆನ್ಸ್ ಕಾಲದ ನೆನಪಿನಿಂದ ‘ಐದೂವರೆ ಅಡಿ’ ಅನ್ನುತ್ತಾರೆ, ಅದು 167.6 ಆಗಿ ಫೈಲಿಗೆ ಹೋಗುತ್ತದೆ. ಮುಂದಿನ ಎಲ್ಲ ಕಾಗದಗಳೂ ಆ ಅಂಕಿಯನ್ನೇ ನಕಲು ಮಾಡುತ್ತವೆ. ಬರಿಗಾಲಲ್ಲಿ, ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಅಳೆಯಿಸಿ. ಸರ್ಜನ್, ಫಿಸಿಷಿಯನ್, ಡಯಟೀಷಿಯನ್, ಸ್ಲೀಪ್ ಸ್ಟಡಿ, ಎಕೋ, ಐದೂ ಕಾಗದದಲ್ಲಿ ಒಂದೇ ಎತ್ತರ ಇದೆಯೇ ನೋಡಿ. ಒಂದರಲ್ಲಿ 163, ಇನ್ನೊಂದರಲ್ಲಿ 168 ಇದ್ದರೆ ಕ್ವೆರಿ, ಅಂದರೆ ವಿವರಣೆ ಕೇಳುವ ಪತ್ರ, ಬಂದೇ ಬರುತ್ತದೆ, ಬರಬೇಕಾದ್ದೇ.

35ರಿಂದ 40ರ ನಡುವೆ ಇರುವವರಿಗೆ ಕಾಯಿಲೆಯ ಸಾಕ್ಷ್ಯವೇ ಮುಖ್ಯ. ಒಕ್ಕಣೆಯಲ್ಲಿ ಇರುವುದು ‘ತೀವ್ರ’ ಸ್ಲೀಪ್ ಆಪ್ನಿಯಾ. ಸ್ಲೀಪ್ ಸ್ಟಡಿ ವರದಿಯಲ್ಲಿ ಎಎಚ್‌ಐ ಎಂಬ ಅಂಕಿ ಇರುತ್ತದೆ, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಇಳಿಯಿತು ಎಂಬ ಲೆಕ್ಕ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ಮತ್ತು ಮೇಲೆ ತೀವ್ರ. 22 ಬಂದರೆ ಗೊರಕೆ ಎಷ್ಟೇ ಜೋರಿರಲಿ, ಈ ಷರತ್ತಿಗೆ ಸಾಲದು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ‘ಹತೋಟಿಗೆ ಬಾರದ’ ಎಂಬುದಕ್ಕೆ ಒಕ್ಕಣೆ ಯಾವ ಅಂಕಿಯನ್ನೂ ಹೇಳಿಲ್ಲ. ಹಾಗಾಗಿ ಒಂದೇ ಒಂದು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ) ವರದಿ ಇಟ್ಟು ಬಿಡಬೇಡಿ. ಮೂರು ಮೂರು ತಿಂಗಳ ಅಂತರದ ಎರಡು ಮೂರು ವರದಿಗಳು, ಆಯಾ ಕಾಲಕ್ಕೆ ಏನೇನು ಮಾತ್ರೆ, ಎಷ್ಟು ಯೂನಿಟ್ ಇನ್ಸುಲಿನ್ ನಡೆಯುತ್ತಿತ್ತು ಎಂಬ ಚೀಟಿಗಳ ಸಮೇತ ಇಡಿ. ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದರೂ ಇಳಿಯಲಿಲ್ಲ ಎಂಬುದು ಕಣ್ಣಿಗೆ ಕಾಣಬೇಕು.

‘ಸೌಮ್ಯ ವಿಧಾನಗಳು ವಿಫಲವಾದವು’ ಎಂಬ ಮಾತು 35ರ ಸಾಲಿಗೆ ಅಂಟಿಕೊಂಡಿದೆ, 40ರ ಸಾಲಿಗಲ್ಲ. 40 ದಾಟಿದವರನ್ನೂ ಕೇಳುವ ಟಿಪಿಎಗಳಿವೆ. ಆಗ ಒಕ್ಕಣೆಯನ್ನು ತೋರಿಸಿ ವಾದ ಮಾಡುವ ಹಕ್ಕು ನಿಮಗಿದೆ, ಆದರೆ ಕಾಗದ ಕೈಯಲ್ಲಿದ್ದರೆ ವಾದವೇ ಬೇಕಿಲ್ಲ. ಜಿಮ್ಮಿನ ರಸೀದಿಯಿಂದ ಪ್ರಯೋಜನ ಕಡಿಮೆ. ಡಯಟೀಷಿಯನ್ ಅಥವಾ ವೈದ್ಯರ ಲೆಟರ್‌ಹೆಡ್ಡಿನಲ್ಲಿ ತಿಂಗಳಿಗೊಮ್ಮೆ ತಾರೀಖು, ತೂಕ, ಕೊಟ್ಟ ಆಹಾರಕ್ರಮ ಇರುವ ಆರು ತಿಂಗಳ ದಾಖಲೆ ಅತಿ ಗಟ್ಟಿ. ತೂಕ ಇಳಿಸುವ ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಚುಚ್ಚುಮದ್ದು ತೆಗೆದುಕೊಂಡು ನಿಲ್ಲಿಸಿದ್ದರೆ ಅದರ ಚೀಟಿ, ಬಿಲ್ಲು, ನಿಲ್ಲಿಸಿದ ಕಾರಣವನ್ನೂ ಸೇರಿಸಿ.

ಪರೀಕ್ಷೆಗಳಿಗೆ ಒಂದು ಸರದಿ ಇದೆ

ಅನೇಕ ಆಸ್ಪತ್ರೆಗಳು ಎಲ್ಲವನ್ನೂ ಒಂದೇ ದಿನದ ‘ಪ್ರೀ-ಆಪ್ ಪ್ಯಾಕೇಜ್’ ಮಾಡಿ ಸರ್ಜರಿಗೆ ವಾರ ಮೊದಲು ಇಡುತ್ತವೆ. ರೋಗಿಗೆ ಅನುಕೂಲ ಅನಿಸಿದರೂ ಇದು ಕೆಟ್ಟ ಯೋಜನೆ. ಎಂಡೋಸ್ಕೋಪಿ ಮೊದಲು ಆಗಬೇಕು. ಅದರಲ್ಲಿ ಎಚ್. ಪೈಲೋರಿ ಸೋಂಕು ಸಿಕ್ಕರೆ ಸಾಮಾನ್ಯವಾಗಿ 14 ದಿನದ ಔಷಧಿ, ಅದು ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ ಹೋಗಿದೆಯೇ ಎಂಬ ಮರುಪರೀಕ್ಷೆ, ಆ ಪರೀಕ್ಷೆಗೆ ಎರಡು ವಾರ ಮೊದಲೇ ಗ್ಯಾಸ್ಟ್ರಿಕ್ ಮಾತ್ರೆ ಬಂದ್. ಅಲ್ಲಿಗೆ ಒಂದೂವರೆ ತಿಂಗಳು. ಎಂಡೋಸ್ಕೋಪಿಯಲ್ಲಿ ಹಯಾಟಸ್ ಹರ್ನಿಯಾ (ಹೊಟ್ಟೆಯ ಮೇಲ್ಭಾಗ ಎದೆಯ ಕಡೆ ಸರಿದಿರುವುದು) ಅಥವಾ ಅನ್ನನಾಳದ ಹುಣ್ಣು ಕಂಡರೆ ಸರ್ಜನ್ ಸ್ಲೀವ್ ಬಿಟ್ಟು ಬೈಪಾಸ್ (ಹೊಟ್ಟೆಯ ಸಣ್ಣ ಭಾಗವನ್ನು ಬೇರ್ಪಡಿಸಿ ಕರುಳಿಗೆ ಜೋಡಿಸುವ ಸರ್ಜರಿ) ಕಡೆ ವಾಲಬಹುದು, ಏಕೆಂದರೆ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ಕೊಳವೆ ಮಾಡುವ ಸ್ಲೀವ್‌ನಲ್ಲಿ ಎದೆಯುರಿ ಹೆಚ್ಚಾಗುವ ಸಂಭವವಿದೆ. ಅನುಮತಿ ಪತ್ರದಲ್ಲಿ ಸ್ಲೀವ್ ಎಂದಿದ್ದು ಥಿಯೇಟರಿನಲ್ಲಿ ಬೈಪಾಸ್ ಆದರೆ ಬಿಲ್ ಸಿಕ್ಕಿಕೊಳ್ಳುತ್ತದೆ. ಅಲ್ಟ್ರಾಸೌಂಡ್ ಕೂಡ ಹಾಗೆಯೇ: ತೊಂದರೆ ಕೊಡುತ್ತಿರುವ ಪಿತ್ತಕೋಶದ ಕಲ್ಲು ಸಿಕ್ಕಿ ಎರಡನ್ನೂ ಒಟ್ಟಿಗೆ ಮಾಡುವುದಾದರೆ ಎರಡರ ಹೆಸರೂ ಅರ್ಜಿಯಲ್ಲಿ ಇರಬೇಕು.

ನಂತರ ಸ್ಲೀಪ್ ಸ್ಟಡಿ. ಆಪ್ನಿಯಾ ತೀವ್ರ ಎಂದು ಬಂದರೆ ಸರ್ಜರಿಗೆ ಮೊದಲು ಕೆಲವು ವಾರ ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಾಕಿ ಮಲಗಿ ಅಭ್ಯಾಸವಾಗಿರಬೇಕು. ಅರಿವಳಿಕೆ ತಜ್ಞರು ಇದಕ್ಕೆ ಬಿಗಿಪಟ್ಟು ಹಿಡಿದರೆ ಅವರ ಪಟ್ಟು ನ್ಯಾಯವಾದದ್ದು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ಲಿವರ್, ಕಿಡ್ನಿಯ ಜೊತೆಗೆ ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ ಇರಲೇಬೇಕು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಹೊಟ್ಟೆ ಚಿಕ್ಕದಾದ ಮೇಲೆ ಅದನ್ನು ತುಂಬುವುದು ಕಷ್ಟ, ಈಗಲೇ ತುಂಬಿಕೊಳ್ಳಬೇಕು. ಸಿಗರೇಟ್, ಬೀಡಿ, ತಂಬಾಕು ಕನಿಷ್ಠ ಆರು ವಾರ ಮೊದಲೇ ನಿಲ್ಲಬೇಕು. ಬೈಪಾಸ್ ಜೋಡಣೆಯ ಜಾಗದಲ್ಲಿ ಹುಣ್ಣಾಗುವುದಕ್ಕೆ ತಂಬಾಕು ದೊಡ್ಡ ಕಾರಣ. ಮನಶ್ಶಾಸ್ತ್ರಜ್ಞರ ಭೇಟಿಯನ್ನು ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಗಿ ಮುಗಿಸುವ ಕಡೆಗಳಿವೆ. ಅರ್ಧ ಗಂಟೆಯಾದರೂ ಕೂತು ಮಾತಾಡುವ ಆಸ್ಪತ್ರೆಯನ್ನೇ ಆರಿಸಿ.

ಈ ಪರೀಕ್ಷೆಗಳ ದುಡ್ಡಿನ ಬಗ್ಗೆ ಒಂದು ಮಾತು. ಆಸ್ಪತ್ರೆಗೆ ದಾಖಲಾಗುವ ಮುಂಚಿನ 30 ಅಥವಾ 60 ದಿನದ ಖರ್ಚನ್ನು (ಎಷ್ಟೆಂದು ಪಾಲಿಸಿಯಲ್ಲಿದೆ) ಆಮೇಲೆ ರೀಯಿಂಬರ್ಸ್‌ಮೆಂಟ್ ಪಡೆಯಬಹುದು. ಬರೀ ಪರೀಕ್ಷೆಗೆಂದೇ ದಾಖಲಾದರೆ ಸಿಗುವುದಿಲ್ಲ. ಎಂಡೋಸ್ಕೋಪಿ ಬೇಗ ಆಗಲೇಬೇಕಾದ್ದರಿಂದ ಅದರ ಬಿಲ್ ಅವಧಿಯ ಹೊರಗೆ ಬೀಳಬಹುದು. ಅದನ್ನು ಉಳಿಸಲು ಹೋಗಿ ತಡ ಮಾಡಬೇಡಿ. ಎಕೋ, ಇಸಿಜಿ, ಎದೆಯ ಎಕ್ಸ್‌ರೇ, ಕೊನೆಯ ಸುತ್ತಿನ ರಕ್ತಪರೀಕ್ಷೆಗಳನ್ನು ಅವಧಿಯೊಳಗೆ ಇಟ್ಟುಕೊಂಡರೆ ಸಾಕು.

ಫಾರಂನ ಒಂದು ಕಾಲಂ

ಈಗ ಡೆಸ್ಕಿಗೆ ಎರಡೇ ಅಂಕ ಏಕೆ ಎಂಬುದಕ್ಕೆ ಬರೋಣ. ಕ್ಯಾಶ್‌ಲೆಸ್ ಅರ್ಜಿಯಲ್ಲಿ ಚಿಕಿತ್ಸೆ ಕೊಡುವ ವೈದ್ಯರು ತುಂಬಬೇಕಾದ ಭಾಗವೊಂದಿದೆ. ಅದರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ, ಕೊಲೆಸ್ಟರಾಲ್, ಕೀಲುನೋವು, ಆಸ್ತಮಾ ಎಂದು ಸಾಲಾಗಿ ಹೆಸರುಗಳು, ಪ್ರತಿಯೊಂದರ ಮುಂದೆ ಎಂದಿನಿಂದ ಎಂಬ ಜಾಗ, ತಿಂಗಳು ಮತ್ತು ವರ್ಷಕ್ಕೆ. ಇದನ್ನು ಸರ್ಜನ್ ತುಂಬುವುದು ಕಡಿಮೆ. ಡ್ಯೂಟಿ ಡಾಕ್ಟರೋ, ಡೆಸ್ಕಿನ ಹುಡುಗರೋ ತುಂಬುತ್ತಾರೆ. ‘ಶುಗರ್ ಎಷ್ಟು ವರ್ಷದಿಂದ?’ ‘ಒಂದು ಹತ್ತು ವರ್ಷ ಇರಬಹುದು ಡಾಕ್ಟ್ರೇ.’ ಹತ್ತು ವರ್ಷ ಎಂದು ಬರೆದುಬಿಡುತ್ತಾರೆ. ನಿಜವಾಗಿ ಮೊದಲ ವರದಿ, ಮೊದಲ ಮಾತ್ರೆ ಏಳು ವರ್ಷದ ಹಿಂದಿನದು, ಪಾಲಿಸಿ ಎಂಟು ವರ್ಷದ ಹಳೆಯದು. ಆ ಬಾಯಿಮಾತಿನ ಹತ್ತು ಎಂಬುದು ಪಾಲಿಸಿಗಿಂತ ಮೊದಲೇ ಕಾಯಿಲೆ ಇತ್ತು, ಮುಚ್ಚಿಟ್ಟರು ಎಂಬ ಕ್ವೆರಿಯಾಗಿ ತಿರುಗಿ ಬರುತ್ತದೆ. ಪಾಲಿಸಿ ಅಷ್ಟು ಹಳೆಯದಾದ್ದರಿಂದ ಕೊನೆಗೆ ಕ್ಲೇಮ್ ಉಳಿಯಬಹುದು, ಆದರೆ ಮೊದಲ ವರದಿ ಹುಡುಕಿ ತರುವವರೆಗೆ ಸರ್ಜರಿ ಮುಂದಕ್ಕೆ. ಪಾಲಿಸಿಗೆ ಐದು ವರ್ಷ ತುಂಬದವರಿಗೆ ಇದೇ ತಪ್ಪು ಇಡೀ ಕ್ಲೇಮನ್ನೇ ಮುಳುಗಿಸಬಹುದು.

ಮೊದಲ ಬಾರಿಗೆ ಕಾಯಿಲೆ ಪತ್ತೆಯಾದ ವರದಿಯ ಜೆರಾಕ್ಸ್ ಕೊಟ್ಟು, ಅದರ ತಾರೀಖನ್ನೇ ಬರೆಯಲು ಹೇಳಿ. ನೆನಪಿನಿಂದ ಉತ್ತರ ಕೊಡಬೇಡಿ. ನಿಜವಾಗಿ ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆಯಾಗಿದ್ದರೆ ಅದನ್ನು ಹಾಗೆಯೇ ಬರೆಸಿ. ಪ್ರಪೋಸಲ್‌ನಲ್ಲಿ ಹೇಳಿದ್ದು, ಕಾಯುವ ಅವಧಿ ಮುಗಿದದ್ದು ಆಗಿದ್ದರೆ ತೊಂದರೆಯಿಲ್ಲ. ರೋಗನಿರ್ಣಯದ ಜಾಗದಲ್ಲಿ ಬರೀ ‘ಬೊಜ್ಜು’ ಎಂದು ನಿಲ್ಲಿಸಬಾರದು. ಬಿಎಂಐ ಅಂಕಿ ಸಮೇತ ತೀವ್ರ ಬೊಜ್ಜು, ಜೊತೆಗಿರುವ ಪ್ರತಿ ಕಾಯಿಲೆ, ಅವುಗಳ ಐಸಿಡಿ (ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯ) ಸಂಕೇತಗಳು: ಬೊಜ್ಜಿಗೆ ಇ66, ಟೈಪ್ 2 ಸಕ್ಕರೆಗೆ ಇ11, ಸ್ಲೀಪ್ ಆಪ್ನಿಯಾಗೆ ಜಿ47.3. ಸರ್ಜನ್ ಅವರ ಸಲಹಾ ಪತ್ರ ಪ್ರತ್ಯೇಕವಾಗಿ ಇರಲಿ: ಅಳೆದ ದಿನಾಂಕದ ಎತ್ತರ ಮತ್ತು ತೂಕ, ಪ್ರಯತ್ನಿಸಿದ ವಿಧಾನಗಳು, ಯಾವ ಸರ್ಜರಿ, ಅದನ್ನೇ ಆರಿಸಿದ ಕಾರಣ. ಒಂದೂವರೆ ಪುಟ ಸಾಕು. ಅರ್ಜಿ ಕಳಿಸುವ ಮುನ್ನ ಪ್ರತಿಯನ್ನು ಕೇಳಿ ಪಡೆದು ಓದಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಇದನ್ನು ಕೇಳಿದರೆ ಮುಖ ಸಿಂಡರಿಸುವ ಡೆಸ್ಕುಗಳಿವೆ. ಸಹಿ ನಿಮ್ಮದು, ಓದುವ ಹಕ್ಕು ನಿಮ್ಮದು.

ಪೂರ್ವನಿಗದಿತ ಸರ್ಜರಿಗೆ, ನೆಟ್‌ವರ್ಕಿನ ಹೊರಗಿನ (ಕಂಪನಿಯ ಜೊತೆ ಒಪ್ಪಂದವಿಲ್ಲದ) ಆಸ್ಪತ್ರೆಯಾದರೆ, ಕನಿಷ್ಠ 48 ಗಂಟೆ ಮುಂಚೆ ಕಂಪನಿಗೆ ತಿಳಿಸಿರಬೇಕು. ನೆಟ್‌ವರ್ಕ್ ಆಸ್ಪತ್ರೆಯೇ ಆದರೂ ಒಂದು ವಾರ ಮೊದಲು ಕಳಿಸುವುದು ಒಳ್ಳೆಯದು.

ಡಯಟ್ ಶುರುವಾಗುವ ದಿನ

ಸರ್ಜರಿಗೆ ಮೊದಲು ಸಾಮಾನ್ಯವಾಗಿ ಎರಡು ವಾರ ಲಿವರ್ ಕುಗ್ಗಿಸುವ ಆಹಾರಕ್ರಮ ಇರುತ್ತದೆ: ದಿನಕ್ಕೆ 800ರಿಂದ 1000 ಕ್ಯಾಲರಿ, ಪಿಷ್ಟ ಬಹಳ ಕಡಿಮೆ, ಪ್ರೋಟೀನ್ 60ರಿಂದ 80 ಗ್ರಾಂ. ಕೊಬ್ಬು ತುಂಬಿ ಊದಿದ ಲಿವರಿನ ಎಡಭಾಗ ಹೊಟ್ಟೆಯ ಮೇಲೆಯೇ ಒರಗಿರುತ್ತದೆ; ಅದನ್ನು ಎತ್ತಿ ಹಿಡಿಯಲಾಗದಿದ್ದರೆ ದುರ್ಬೀನಿನಲ್ಲಿ ಜಾಗ ಕಾಣುವುದಿಲ್ಲ, ರಕ್ತಸ್ರಾವದ ಅಪಾಯ ಹೆಚ್ಚು. ಅದಕ್ಕೇ ಈ ಪಥ್ಯ.

ತೊಡಕು ಏನೆಂದರೆ ಈ ಎರಡು ವಾರದಲ್ಲಿ ನಾಲ್ಕೈದು ಕೆಜಿ ಇಳಿಯುವುದು ಮಾಮೂಲು. 40.5 ಇದ್ದ ಬಿಎಂಐ ದಾಖಲಾಗುವ ದಿನ 39ಕ್ಕೆ ಬಂದಿರುತ್ತದೆ, ವಾರ್ಡಿನ ನರ್ಸ್ ಅಂದಿನ ತೂಕವನ್ನೇ ಬರೆಯುತ್ತಾರೆ, ಡಿಸ್ಚಾರ್ಜ್ ಹೊತ್ತಿಗೆ ಅದೇ ಕಾಗದ ಟಿಪಿಎಗೆ ಹೋಗುತ್ತದೆ. ಪಥ್ಯ ಶುರುವಾಗುವ ದಿನ ಬೆಳಗ್ಗೆ ಆಸ್ಪತ್ರೆಯಲ್ಲೇ ತೂಕ ತೆಗೆಸಿ, ವೈದ್ಯರ ಸಹಿ ಮಾಡಿಸಿ. ‘ಇಂಥ ದಿನದಿಂದ ಶಸ್ತ್ರಚಿಕಿತ್ಸಾಪೂರ್ವ ಆಹಾರಕ್ರಮ ಆರಂಭ, ಆರಂಭದ ತೂಕ ಇಷ್ಟು’ ಎಂಬ ಸಾಲು ಸಲಹಾ ಪತ್ರದಲ್ಲೂ ಇರಲಿ, ದಾಖಲಾತಿ ಟಿಪ್ಪಣಿಯಲ್ಲೂ ಇರಲಿ. ಅನುಮತಿ ಪತ್ರದ ಮೇಲೆ ಅದು ಎಷ್ಟು ದಿನ ಚಾಲ್ತಿ ಎಂದು ಬರೆದಿರುತ್ತದೆ, ಎರಡು ವಾರದ ಆಸುಪಾಸು ಇರುವುದು ಉಂಟು. ಅನುಮತಿ ಬಂದ ಮೇಲೇ ಪಥ್ಯ ಶುರು ಮಾಡುತ್ತೇನೆಂದರೆ ಪತ್ರ ಹಳತಾಗುತ್ತದೆ. ಪಥ್ಯದ ಮೊದಲ ವಾರ ಮುಗಿಯುವಾಗ ಅರ್ಜಿ ಹೋಗಲಿ, ಆರಂಭದ ತೂಕದ ದಾಖಲೆಯ ಸಮೇತ.

ನಮ್ಮ ಅಡುಗೆಮನೆಯಲ್ಲಿ ಈ ಪಥ್ಯ ತಪ್ಪುವುದು ರಾಗಿಯಿಂದ. ರಾಗಿ ಗಂಜಿ, ಅಂಬಲಿ ‘ಹಗುರ’ ಎಂದು ಮೂರು ಹೊತ್ತು ಕುಡಿಯುವವರಿದ್ದಾರೆ. ಅದು ಪಿಷ್ಟ; ಹೊಟ್ಟೆಗೆ ಪಿಷ್ಟ ಹೋಗುತ್ತಿದ್ದರೆ ಲಿವರ್ ಕುಗ್ಗುವುದಿಲ್ಲ. ಎಳನೀರು, ಹಣ್ಣಿನ ರಸವೂ ಬೇಡ. ಮೊಟ್ಟೆ ತಿನ್ನುವವರಿಗೆ ಸುಲಭ, ಒಂದಕ್ಕೆ ಸುಮಾರು 6 ಗ್ರಾಂ ಪ್ರೋಟೀನ್. ತಿನ್ನದವರಿಗೆ ಒಂದು ದಿನದ ಲೆಕ್ಕ ಹೀಗೆ: ಕೆನೆ ತೆಗೆದ ಹಾಲಿನ 200 ಮಿ.ಲೀ. ಲೋಟಕ್ಕೆ ವೇ (ಹಾಲಿನ ಪ್ರೋಟೀನ್) ಪುಡಿಯ ಡಬ್ಬದಲ್ಲೇ ಬರುವ ದೊಡ್ಡ ಅಳತೆ ಚಮಚದಲ್ಲಿ ಒಂದು ಚಮಚ ಪುಡಿ ಬೆರೆಸಿ ಎರಡು ಹೊತ್ತು (ಸುಮಾರು 60 ಗ್ರಾಂ ಪ್ರೋಟೀನ್), 50 ಗ್ರಾಂ ಪನೀರ್ (9 ಗ್ರಾಂ), 20 ಗ್ರಾಂ ಒಣ ಸೋಯಾ ಚಂಕ್ಸ್ ಬೇಯಿಸಿದ್ದು (10 ಗ್ರಾಂ), ಜೊತೆಗೆ ಸೌತೆ, ಸೋರೆ, ಹೀರೆ, ಸೊಪ್ಪಿನ ತಿಳಿಸಾರು, ನೀರು ಮಜ್ಜಿಗೆ. ತೆಂಗಿನಕಾಯಿ ತುರಿ ಎರಡು ವಾರ ಮರೆಯಬೇಕು. ಕಿಡ್ನಿ ತೊಂದರೆ ಇದ್ದವರು ಈ ಪ್ರಮಾಣವನ್ನು ತಾವೇ ಹಾಕಿಕೊಳ್ಳಬಾರದು.

ಸಕ್ಕರೆ ಕಾಯಿಲೆಯವರಿಗೆ ಇಲ್ಲಿ ನಿಜವಾದ ಅಪಾಯವಿದೆ. ಊಟ ಮೂರನೇ ಒಂದಕ್ಕೆ ಇಳಿದು ಇನ್ಸುಲಿನ್, ಗ್ಲಿಮೆಪಿರೈಡ್ ಹಳೆಯ ಪ್ರಮಾಣದಲ್ಲೇ ನಡೆದರೆ ಎರಡನೇ ದಿನಕ್ಕೇ ಶುಗರ್ ಕುಸಿಯಬಹುದು. ಪಥ್ಯದ ಚೀಟಿ ಕೊಡುವ ದಿನವೇ ಮಾತ್ರೆಗಳ ಹೊಸ ಪ್ರಮಾಣವನ್ನೂ ಬರೆಸಿಕೊಳ್ಳಿ, ಮನೆಯಲ್ಲಿ ಗ್ಲುಕೋಮೀಟರ್ ಇರಲಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸರ್ಜರಿಗೆ ಕನಿಷ್ಠ 3 ದಿನ ಮೊದಲು ನಿಲ್ಲಬೇಕು. ಪಿಷ್ಟವಿಲ್ಲದ ಊಟದ ಜೊತೆ ಇವು ನಡೆದರೆ ಶುಗರ್ ಅಂಕಿ ಸರಿಯಾಗಿಯೇ ಕಂಡರೂ ರಕ್ತದಲ್ಲಿ ಕೀಟೋನ್ ಏರಿ ಪ್ರಾಣಕ್ಕೆ ಕುತ್ತು ಬರಬಹುದು; ಅನೇಕ ವೈದ್ಯರು ಪಥ್ಯದ ಮೊದಲ ದಿನವೇ ನಿಲ್ಲಿಸುತ್ತಾರೆ. ವಾರಕ್ಕೊಮ್ಮೆಯ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ತಜ್ಞರಿಗೆ ಕೊನೆಯ ಡೋಸಿನ ತಾರೀಖು ಹೇಳಲೇಬೇಕು: ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಉಪವಾಸವಿದ್ದರೂ ಆಹಾರ ಉಳಿದಿರಬಹುದು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಇದ್ದರೆ ಅದನ್ನೂ ಕೇಳಿ. ಔಷಧಿ ಅಂಗಡಿಯಲ್ಲಿ ಉಸಿರಾಟದ ವ್ಯಾಯಾಮಕ್ಕೆಂದು ಮೂರು ಚೆಂಡಿನ ಸ್ಪೈರೋಮೀಟರ್ ಸಿಗುತ್ತದೆ. ಸರ್ಜರಿ ಆದ ಸಂಜೆ ನೋವಿನಲ್ಲಿ ಕಲಿಯುವ ಬದಲು ಈ ಎರಡು ವಾರದಲ್ಲೇ ನಿಧಾನ ಉಸಿರೆಳೆದು ಚೆಂಡು ಎತ್ತುವುದನ್ನು ರೂಢಿ ಮಾಡಿಕೊಳ್ಳಿ.

ಒಂದು ಗಂಟೆ, ಮೂರು ಗಂಟೆ

2024ರ ಮೇ 29ರ ಸುತ್ತೋಲೆಯಲ್ಲಿ ಐಆರ್‌ಡಿಎಐ, ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ತೀರ್ಮಾನ, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಎಂದು ಹೇಳಿತು. ಮೂರು ಗಂಟೆ ಮೀರಿ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಒಳ್ಳೆಯ ನಿಯಮ, ಬಹುಮಟ್ಟಿಗೆ ನಡೆಯುತ್ತಲೂ ಇದೆ. ಆದರೆ ಒಂದು ಗಂಟೆಯಲ್ಲಿ ಬರುವ ಆ ತೀರ್ಮಾನ ಬೇರಿಯಾಟ್ರಿಕ್ ಫೈಲುಗಳಲ್ಲಿ ಹಲವು ಸಲ ‘ಇನ್ನಷ್ಟು ದಾಖಲೆ ಬೇಕು’ ಎಂಬ ಕ್ವೆರಿ. ಆ ಕ್ವೆರಿ ಬರುವುದು ಆಸ್ಪತ್ರೆಯ ಲಾಗಿನ್‌ಗೆ, ನಿಮ್ಮ ಮೊಬೈಲಿಗೆ ಬರುವ ಸಂದೇಶದಲ್ಲಿ ವಿವರ ಇರುವುದಿಲ್ಲ. ‘ಟಿಪಿಎ ಇನ್ನೂ ಅಪ್ರೂವಲ್ ಕೊಟ್ಟಿಲ್ಲ’ ಎಂದು ಡೆಸ್ಕ್ ಹೇಳುತ್ತಿರುವ ಹೊತ್ತಿನಲ್ಲಿ ಟಿಪಿಎ ಉತ್ತರಕ್ಕಾಗಿ ಕಾಯುತ್ತಿರುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಕ್ಲೇಮ್ ಸಂಖ್ಯೆ ಹಾಕಿ ಕ್ವೆರಿ ಪತ್ರವನ್ನು ನೀವೇ ಇಳಿಸಿಕೊಂಡು, ಅದರಲ್ಲಿ ಕೇಳಿದ ಪ್ರತಿ ಅಂಶಕ್ಕೂ ಕಾಗದ ಕೊಡಿಸಿ. ಮೂರು ಕೇಳಿದ್ದಕ್ಕೆ ಎರಡು ಕಳಿಸಿದರೆ ಇನ್ನೊಂದು ಸುತ್ತು.

ಮೊದಲು ಬರುವ ಒಪ್ಪಿಗೆ ಅಂದಾಜಿನ ಒಂದು ಭಾಗಕ್ಕೆ ಇರಬಹುದು, ಉಳಿದದ್ದು ಅಂತಿಮ ಬಿಲ್ ಹೋದಾಗ. ಗಾಬರಿ ಬೇಡ. ರೂಮಿನ ಬಾಡಿಗೆಗೆ ಮಿತಿ ಇದ್ದರೆ ಅದರೊಳಗೇ ರೂಮು ಹಿಡಿಯಿರಿ, ಇಲ್ಲದಿದ್ದರೆ ಸರ್ಜನ್, ಥಿಯೇಟರ್ ಶುಲ್ಕವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ಔಷಧಿ, ಪರೀಕ್ಷೆ, ಸ್ಟೇಪ್ಲರ್‌ನಂಥ ಸಾಮಗ್ರಿಗಳ ಮೇಲೆ ಆ ಕಡಿತ ಹಾಕುವಂತಿಲ್ಲ. ಈ ಸರ್ಜರಿಯಲ್ಲಿ ಸ್ಟೇಪ್ಲರ್ ಕಾರ್ಟ್ರಿಜ್‌ಗಳೇ ದೊಡ್ಡ ಖರ್ಚು, ಹಾಗಾಗಿ ಬಿಲ್ಲಿನಲ್ಲಿ ಎಷ್ಟು ಬಳಸಿದರು ಎಂಬ ಸಂಖ್ಯೆ, ಸ್ಟಿಕರುಗಳು ಇರಲಿ.

ತಿರಸ್ಕಾರ ಬಂದರೆ ಮೊದಲು ನೋಡಬೇಕಾದ್ದು ಪಾಲಿಸಿಯ ಯಾವ ಕಲಮು ಉಲ್ಲೇಖಿಸಿದ್ದಾರೆ ಎಂದು. ಕ್ಯಾಶ್‌ಲೆಸ್ ಇಲ್ಲ ಎಂದರೆ ಕ್ಲೇಮೇ ಇಲ್ಲ ಎಂದಲ್ಲ; ಕೈಯಿಂದ ಕಟ್ಟಿ ಆಮೇಲೆ ರೀಯಿಂಬರ್ಸ್‌ಮೆಂಟ್ ಕೇಳಬಹುದು. ಆದರೆ ಇದು ತುರ್ತಿನ ಸರ್ಜರಿಯಲ್ಲ. ಸಾಲ ಮಾಡಿ ಕಟ್ಟುವ ಬದಲು ದಿನಾಂಕ ಮುಂದೂಡಿ, ಕೊರತೆಯ ಕಾಗದ ಸರಿಮಾಡಿಸಿ, ಮತ್ತೆ ಅರ್ಜಿ ಹಾಕಿಸುವುದು ಒಳ್ಳೆಯದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕ್ಲೇಮ್ ತಿರಸ್ಕರಿಸಲು ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕೆಂದು ಅದೇ 2024ರ ಸುತ್ತೋಲೆ ಹೇಳುತ್ತದೆ. ಆ ಒಪ್ಪಿಗೆ ಆಗಿದೆಯೇ ಎಂದು ಪತ್ರ ಬರೆದು ಕೇಳಿ. ಮುಂದಿನ ಹೆಜ್ಜೆ ಕಂಪನಿಯ ದೂರು ಅಧಿಕಾರಿ ಮತ್ತು ಐಆರ್‌ಡಿಎಐಯ ಬಿಮಾ ಭರೋಸಾ ತಾಣ. 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ಬಳಿ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪರಿಹಾರ ಕೊಡಿಸುವ ಅಧಿಕಾರವಿದೆ. ತೀರ್ಪು ಬಂದ 30 ದಿನದೊಳಗೆ ಕಂಪನಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ದೂರುದಾರರಿಗೆ ಕೊಡಬೇಕು. ಎತ್ತರ ತೂಕದ ಸಹಿ ಇರುವ ಕಾಗದ, ಕ್ವೆರಿ ಪತ್ರಗಳು, ಕಳಿಸಿದ ಉತ್ತರಗಳು ತಾರೀಖಿನ ಕ್ರಮದಲ್ಲಿ ಇದ್ದರೆ ಅಲ್ಲಿ ವಿಚಾರಣೆ ಬೇಗ ಮುಗಿಯುತ್ತದೆ.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ವಾರದಲ್ಲೇ ಮುಂಚಿನ ಪರೀಕ್ಷೆಗಳ ಮೂಲ ಬಿಲ್ಲು, ವೈದ್ಯರ ಚೀಟಿ, ವರದಿಗಳನ್ನು ಜೋಡಿಸಿ ಕಳಿಸಿ. ಆಮೇಲಿನ ವಿಟಮಿನ್, ಬಿ12 ಚುಚ್ಚುಮದ್ದು, ತಪಾಸಣೆಯ ಬಿಲ್ಲುಗಳಿಗೆ ಪಾಲಿಸಿಯಲ್ಲಿ ಹೇಳಿದ 60 ಅಥವಾ 90 ದಿನದವರೆಗೆ ಇನ್ನೊಂದು ಕಂತು ಕಳಿಸಬಹುದು. ಚೀಟಿಯಲ್ಲಿ ವೈದ್ಯರು ಬರೆಯದ ಪ್ರೋಟೀನ್ ಡಬ್ಬದ ಬಿಲ್ ಸೇರಿಸಬೇಡಿ, ಅದಕ್ಕಾಗಿ ಇಡೀ ಕಂತು ಕ್ವೆರಿಗೆ ಬೀಳುತ್ತದೆ.